ಗೇಟ್ ಮುಂದೆ ದಿನಾ ಸಿಗರೇಟ್ ತುಂಡು, ಬೋರ್ಡ್ ಹಾಕಿದ್ರೆ ಬೋರ್ಡಿಗೇ ಒತ್ತಿ ಆರಿಸ್ತಾರೆ. ಏನ್ ಮಾಡೋದು?

ಹೊಂಗೆಮರ_ಥರ್ಡ್‌ಕ್ರಾಸ್:
ನಮಸ್ಕಾರ ಎಲ್ರಿಗೂ. ನಮ್ಮನೆ ಬನಶಂಕರಿ ಸೆಕೆಂಡ್ ಸ್ಟೇಜಲ್ಲಿ, ಕಾರ್ನರ್ ಸೈಟು. ಪಕ್ಕದಲ್ಲೇ ಒಂದು ಟೀ ಅಂಗಡಿ, ಅದರ ಮೇಲ್ಗಡೆ ಮೂರು ಫ್ಲೋರ್ ಆಫೀಸು. ಬೆಳಗ್ಗೆ ಹನ್ನೊಂದು, ಊಟ ಆದ್ಮೇಲೆ ಒಂದ್ಸಲ, ಸಂಜೆ ನಾಲ್ಕೂವರೆ, ಹೀಗೆ ಶಿಫ್ಟ್ ಥರ ಇಳಿದು ಬರ್ತಾರೆ, ಒಂದ್ ಕೈಯಲ್ಲಿ ಬೈ ಟು ಟೀ ಇನ್ನೊಂದರಲ್ಲಿ ಸಿಗರೇಟು. ಸೇದ್ಕೊಳ್ಲಿ, ಅದು ಅವರ ಶ್ವಾಸಕೋಶ. ನನ್ ತಕರಾರಿರೋದು ತುಂಡಿನ ಬಗ್ಗೆ.

ಹೋದ ಭಾನುವಾರ ಆಫೀಸ್ ರಜಾ, ನಾನೇ ಪೊರಕೆ ಹಿಡ್ಕೊಂಡು ಗೇಟಿಂದ ಟ್ರಾನ್ಸ್‌ಫಾರ್ಮರ್ ತನಕ ಗುಡಿಸಿದೆ, ಇಪ್ಪತ್ತು ಹೆಜ್ಜೆ ಆಗ್ಬೋದು ಅಷ್ಟೆ. ಎಣಿಸ್ತಾ ಹೋದೆ, 143. ಅದರಲ್ಲಿ ಅರ್ಧಕ್ಕರ್ಧ ಹೊಂಗೆ ಮರದ ಬುಡದಲ್ಲಿ, ಸಸಿ ನೆಟ್ಟ ಹಾಗೆ ಸಾಲಾಗಿ ಮಣ್ಣಿಗೆ ಚುಚ್ಚಿದ್ದಾರೆ. ಸಂಜೆ ಜೋರು ಮಳೆ ಬಂತು, ನಾನು ಬಿಟ್ಟಿದ್ದೆಲ್ಲ ಚಪ್ಪಡಿ ಸಂದಿಯಿಂದ ಸೀದಾ ಮೋರಿಗೆ.

"ದಯವಿಟ್ಟು ಇಲ್ಲಿ ಹಾಕಬೇಡಿ" ಅಂತ ಬೋರ್ಡ್ ಹಾಕಿ ನೋಡ್ದೆ. ಮಾರನೇ ದಿನ "ಬೇಡಿ" ಅನ್ನೋದರ ಮೇಲೆ ಎರಡು ಕಪ್ಪು ಚುಕ್ಕೆ. ಜಗಳ ಆಡೋ ವಯಸ್ಸೂ ಅಲ್ಲ ನಂದು. ಯಾರಾದ್ರೂ ನಿಮ್ ಏರಿಯಾದಲ್ಲಿ ಇದನ್ನ ಕಮ್ಮಿ ಮಾಡಿದ್ದೀರಾ? ನಿಜವಾಗ್ಲೂ ವರ್ಕ್ ಆಗಿದ್ದು ಮಾತ್ರ ಹೇಳಿ.

ಒಂದ್_ದಮ್_ಅಷ್ಟೇ:
ಸಾರ್, ಹದಿನಾಲ್ಕು ವರ್ಷದಿಂದ ಸೇದ್ತಾ ಇದೀನಿ, ನಿಮ್ ಗೇಟ್ ಮುಂದೆ ನಿಂತಿರೋರಲ್ಲಿ ನಾನೂ ಒಬ್ಬ ಅಂದ್ಕೊಳ್ಳಿ. ಯಾಕೆ ಬಿಸಾಕ್ತೀವಿ ಅಂದ್ರೆ, ಒಂದು, ಅದು ಬಿಸಿ ಇರುತ್ತೆ, ಜೇಬಿಗೆ ಹಾಕಕ್ಕಾಗಲ್ಲ, ಡಸ್ಟ್‌ಬಿನ್ ಕಣ್ಣಿಗೆ ಕಾಣಲ್ಲ, ಕಂಡ್ರೂ ಒಳಗಡೆ ಪೇಪರ್ ಕಪ್ ತುಂಬಿರುತ್ತೆ ಬೆಂಕಿ ಹತ್ಕೊಂಡ್ರೆ ಯಾರ್ ಜವಾಬ್ದಾರಿ. ಇನ್ನೊಂದು ನಿಜವಾದ ಕಾರಣ, ಅದು ಕಸ ಅಂತಾನೇ ಅನ್ಸಲ್ಲ. ಚಪ್ಪಲೀಲಿ ಹೊಸಕಿದ್ರೆ ಕೆಲಸ ಮುಗೀತು ಅನ್ನೋ ಫೀಲಿಂಗು.

ನಾನು ಫಿಲ್ಟರ್ ಅಂದ್ರೆ ಹತ್ತಿ ಅಂತಾನೇ ಅಂದ್ಕೊಂಡಿದ್ದೆ, ಮಣ್ಣಲ್ಲಿ ಕರಗುತ್ತೆ ಬಿಡು ಅಂತ. ಅದು ಸೆಲ್ಯುಲೋಸ್ ಅಸಿಟೇಟ್, ಪ್ಲಾಸ್ಟಿಕ್ಕು, ಒಂದೊಂದರಲ್ಲೂ 12 ಸಾವಿರಕ್ಕೂ ಹೆಚ್ಚು ಸಣ್ಣ ಸಣ್ಣ ಎಳೆ. ನಮ್ ತಾತನ ಬೀಡಿ ಮೋಟೇ ವಾಸಿ, ಎಲೆ, ದಾರ, ಚೂರು ತಂಬಾಕು ಅಷ್ಟೇ. ಗೊತ್ತಾದ್ಮೇಲೆ ಅದೇ ತಾತನ ಎಲೆ ಅಡಿಕೆ ಡಬ್ಬಿ ಜೇಬಲ್ಲಿ ಇಟ್ಕೊಂಡೆ, ಅದರೊಳಗೇ ಆರಿಸಿ ಹಾಕ್ತೀನಿ. ನನ್ ಹೆಂಡ್ತಿ ಆ ಪ್ಯಾಂಟನ್ನ ವಾಷಿಂಗ್ ಮಷೀನಿಗೆ ಹಾಕೋಕೆ ಬಿಡಲ್ಲ, ಅದು ಬೇರೆ ಕಥೆ.

ಆರ್ಡರ್_ಆರ್ಡರ್:
ಕಾನೂನಿನ ಕಡೆಯಿಂದ ಏನಾದ್ರೂ ಆಗುತ್ತೆ ಅಂತ ಕಾಯ್ಬೇಡಿ ಸಾರ್. ಕೋಟ್ಪಾ, ಅಂದ್ರೆ ತಂಬಾಕು ನಿಯಂತ್ರಣ ಕಾಯ್ದೆ, 2003ರದ್ದು, ಸಾರ್ವಜನಿಕ ಜಾಗದಲ್ಲಿ ಸೇದೋ ಹಾಗಿಲ್ಲ ಅನ್ನೋ ರೂಲ್ಸ್ ಬಂದಿದ್ದು 2008 ಅಕ್ಟೋಬರ್ 2ಕ್ಕೆ. ಫೈನ್ 200 ರೂಪಾಯಿ ಇತ್ತು, ಕರ್ನಾಟಕ ತಿದ್ದುಪಡಿ ತಂದು 2025ರಲ್ಲಿ 1000 ಮಾಡ್ತು. ಆದ್ರೆ ಅದು ಸೇದಿದ್ದಕ್ಕೆ, ಬಿಸಾಕಿದ್ದಕ್ಕಲ್ಲ. ಅದೂ ಬಸ್ ಸ್ಟಾಪ್, ರೈಲ್ವೇ ಸ್ಟೇಷನ್ ಥರದ ಜಾಗ ಲೆಕ್ಕಕ್ಕೆ ಬರುತ್ತೆ, ನಿಮ್ ಮನೆ ಮುಂದಿನ ರೋಡು ಬರುತ್ತಾ ಅನ್ನೋದು ವಾದ ಮಾಡೋ ವಿಷಯ.

ತಮಾಷೆ ಕೇಳಿ. 2022 ಜುಲೈ 1ರಿಂದ ಕೆಲವು ಒಂದ್ಸಲ ಬಳಸೋ ಪ್ಲಾಸ್ಟಿಕ್ ಬ್ಯಾನ್ ಆಯ್ತಲ್ಲ, ಆ ಪಟ್ಟೀಲಿ ಪ್ಲಾಸ್ಟಿಕ್ ಇಯರ್ ಬಡ್ ಕಡ್ಡಿ ಇದೆ, ಸಿಗರೇಟ್ ಪ್ಯಾಕಿನ ಮೇಲೆ ಸುತ್ತೋ ಪಾರದರ್ಶಕ ಕವರ್ ಕೂಡ ಇದೆ, ಒಳಗಿರೋ ಫಿಲ್ಟರ್ ಮಾತ್ರ ಇಲ್ಲ! 2020ರಲ್ಲಿ ಹಸಿರು ನ್ಯಾಯಮಂಡಳಿ ಈ ತುಂಡುಗಳಿಗೊಂದು ಮಾರ್ಗಸೂಚಿ ಮಾಡಿ ಅಂತ ಕೇಂದ್ರ ಮಾಲಿನ್ಯ ಮಂಡಳಿಗೆ ಹೇಳಿದ್ದೇನೋ ಹೌದು. ಸ್ಪೇನಲ್ಲಾದ್ರೆ 2023ರಿಂದ ತುಂಡು ಎತ್ತೋ ಖರ್ಚನ್ನ ಸಿಗರೇಟ್ ಕಂಪನಿಗಳೇ ಕೊಡ್ಬೇಕು. ನಮ್ಮಲ್ಲಿ ಆ ಖರ್ಚು ನಿಮ್ ಪೊರಕೆಯದ್ದು.

ಪೊರಕೆ_ಮಗಳು:
ಪೊರಕೆ ಅಂದ್ರಲ್ಲ, ಅದಕ್ಕೇ ಬರೀತಿದೀನಿ. ನಮ್ಮಮ್ಮ ಪೌರಕಾರ್ಮಿಕರು, ಇಪ್ಪತ್ತೆರಡು ವರ್ಷ ಆಯ್ತು. ಬೆಳಗ್ಗೆ ಆರೂವರೆಗೆ ಹಾಜರಿ ಹಾಕಿ ರೋಡಿಗಿಳಿದ್ರೆ ಎಲೆ, ಕವರ್, ಕಪ್ಪು ಎಲ್ಲ ಕಡ್ಡಿಪೊರಕೆಗೆ ಸಿಗುತ್ತೆ, ಸಿಗರೇಟ್ ತುಂಡು ಸಿಗಲ್ಲ. ಫುಟ್‌ಪಾತ್ ಟೈಲ್ಸ್ ಸಂದಿ ಇರುತ್ತಲ್ಲ, ಕರೆಕ್ಟಾಗಿ ಅದೇ ಸೈಜು, ಒಳಗೆ ಹೋಗಿ ಕೂತ್ಕೊಂಡ್ರೆ ಪೊರಕೆ ಮೇಲಿಂದ ಜಾರುತ್ತೆ. ಅಮ್ಮ ಹಳೇ ಸ್ಕ್ರೂಡ್ರೈವರ್ ಒಂದು ಸೊಂಟಕ್ಕೆ ಸಿಕ್ಕಿಸ್ಕೊಂಡು ಹೋಗ್ತಾರೆ, ಬಗ್ಗಿ ಒಂದೊಂದೇ ಕೀಳೋಕೆ. ಮೇಸ್ತ್ರಿ ಬಂದು ನೋಡೋದು ಎಲೆ ಇದ್ಯಾ ಅಂತ, ತುಂಡು ಯಾರೂ ನೋಡಲ್ಲ, ಆದ್ರೂ ಕೀಳ್ತಾರೆ. ಒಂದ್ಸಲ ಫೆಬ್ರವರೀಲಿ ಒಣಗಿದೆಲೆ ಗುಡ್ಡೆ ಹಾಕಿ ಟೀ ಕುಡಿಯೋಕೆ ಹೋಗಿದ್ರು, ಅಷ್ಟರಲ್ಲಿ ಯಾರೋ ಎಸೆದ ತುಂಡಿಂದ ಗುಡ್ಡೆ ಹೊಗೆಯಾಡ್ತಿತ್ತು. ಬೈಸ್ಕೊಂಡಿದ್ದು ಮಾತ್ರ ಅಮ್ಮ, ಕಸಕ್ಕೆ ಬೆಂಕಿ ಇಟ್ಟಿದ್ದೀಯ ಅಂತ.

ಬೋರ್ಡಲ್ಲಿ ದಯವಿಟ್ಟು ಅನ್ನೋದು ಬಿಡಿ. ಡಬ್ಬ ಇಡಿಸಿ.

ಕಾಕಾ_ಅಂಗಡಿ_ಅಳಿಯ:
ಡಬ್ಬದ ವಿಷಯ ನನ್ ಹತ್ರ ಕೇಳಿ. ಮಾವನ ಅಂಗಡಿ ಜಯನಗರ ಕಡೆ, ಸಂಜೆ ನಾನೇ ಕೂರೋದು. ಪ್ರತಿ ಅಂಗಡೀಲೂ ಲೈಟರ್ ಒಂದು ದಾರಕ್ಕೆ ಕಟ್ಟಿ ನೇತು ಹಾಕಿರ್ತೀವಲ್ಲ, ಬೆಂಕಿಗೆ ನಾವು ವ್ಯವಸ್ಥೆ ಮಾಡಿದೀವಿ, ತುಂಡಿಗೆ ಮಾಡಿಲ್ಲ. ಮೊದಲು ಇಪ್ಪತ್ತು ಲೀಟರ್ ಪೇಂಟ್ ಡಬ್ಬ ತಂದು ಗೋಡೆ ಪಕ್ಕ ಇಟ್ಟೆ, ಅಂಗಡಿಯಿಂದ ಹತ್ತು ಹೆಜ್ಜೆ. ಒಬ್ಬನೂ ಹೋಗ್ಲಿಲ್ಲ. ಟೀ ಗ್ಲಾಸ್ ಇಡೋ ಕಟ್ಟೆ ಬಿಟ್ಟು ಯಾರೂ ಅಲ್ಲಾಡಲ್ಲ ಸಾರ್, ಕಾಲಿಗೆ ಬೇರು ಬಿಟ್ಟಿರುತ್ತೆ. ಆಮೇಲೆ ನಾಲ್ಕು ಲೀಟರ್ ಡಬ್ಬ ತಂದು ಲೈಟರ್ ದಾರದ ಕೆಳಗಡೇನೇ ಕಂಬಕ್ಕೆ ತಂತಿ ಸುತ್ತಿ ಕಟ್ಟಿದೆ, ಅರ್ಧ ಎಂ ಸ್ಯಾಂಡ್ ತುಂಬಿ. ಮೂರು ದಿನದಲ್ಲಿ ಪೇಪರ್ ಕಪ್ ತುಂಬ್ಕೊಳ್ತು, ಥೂ ಅನ್ಸ್ತು. ಮುಚ್ಚಳ ಹಾಕಿ ಬೆರಳು ಹೋಗೋ ಅಷ್ಟು ತೂತು ಕೊರೆದೆ. ಈಗ ತುಂಡು ಬಿಟ್ರೆ ಬೇರೇನೂ ಹೋಗಲ್ಲ, ಮಳೆ ನೀರೂ ಅಷ್ಟಾಗಿ ಇಳಿಯಲ್ಲ.

ಇನ್ನೊಂದು, ಲಂಡನ್ನಲ್ಲಿ 2015ರಲ್ಲಿ ಬಿನ್ನಿಗೆ ಎರಡು ಖಾನೆ ಮಾಡಿ ಮೆಸ್ಸಿನಾ ರೊನಾಲ್ಡೋನಾ ಅಂತ ತುಂಡಲ್ಲೇ ವೋಟ್ ಹಾಕ್ಸಿದ್ರು. ಅದನ್ನ ನೋಡಿ ನಾನೂ ಎರಡು ಡಬ್ಬ ಕಟ್ಟಿದೆ: "ವಡೆ ಡಿಪ್" "ವಡೆ ಸಪರೇಟ್". ಆಫೀಸ್ ಹುಡುಗರು ಬಿದ್ದಿರೋ ತುಂಡೂ ಎತ್ತಿ ಹಾಕಿದ್ರು, ಡಿಪ್ ಗೆಲ್ಲಿಸ್ಬೇಕು ಅಂತ! ನೆಲ ಪೂರ್ತಿ ಕ್ಲೀನ್ ಆಯ್ತು ಅನ್ನಲ್ಲ, ಮುಕ್ಕಾಲು ಪಾಲು ಕಮ್ಮಿ ಆಗಿದೆ.

ಆರ್ಡರ್_ಆರ್ಡರ್:
ಚೆನ್ನಾಗಿದೆ ಗುರು, ಆದ್ರೆ ಒಂದು ವಿಷಯ. 2008ರ ಅದೇ ರೂಲ್ಸಲ್ಲಿ ಸೇದೋಕೆ ನಿಷೇಧ ಇರೋ ಜಾಗದಲ್ಲಿ ಓನರ್ ಆಶ್‌ಟ್ರೇ, ಬೆಂಕಿಪೊಟ್ಣ, ಲೈಟರ್ ಇಡೋ ಹಾಗಿಲ್ಲ ಅಂತಿದೆ. ಅಂಗಡಿ ಒಳಗಡೆ ಕಟ್ಬೇಡ, ಹೊರಗಡೆ ಕಂಬಕ್ಕೇ ಇರ್ಲಿ.

ಕಾಕಾ_ಅಂಗಡಿ_ಅಳಿಯ:
ಒಬ್ರು ಬಂದು ಹೇಳಿ ಹೋಗಿದ್ರು ಸಾರ್, ಆಶ್‌ಟ್ರೇ ಇಟ್ಟಿದ್ದೀಯ ಅಂತ. ನೆಲದಲ್ಲಿ ಬಿದ್ದಿದ್ದಾಗ ಯಾರೂ ಬಂದಿರ್ಲಿಲ್ಲ.

ಪೊರಕೆ_ಮಗಳು:
ಅಣ್ಣ, ತುಂಬಿದ್ಮೇಲೆ ಎಲ್ಲಿ ಸುರೀತೀರಾ? ಮೋರಿಗಾ? ಹಾಗಾದ್ರೆ ಡಬ್ಬ ಕಟ್ಟಿ ಏನ್ ಬಂತು. ಸೇದಿ ಬಿಟ್ಟ ಒಂದೇ ಒಂದು ತುಂಡು ಬಿದ್ದ ಒಂದು ಲೀಟರ್ ನೀರಲ್ಲಿ ನಾಲ್ಕು ದಿನಕ್ಕೆ ಅರ್ಧದಷ್ಟು ಮೀನು ಸಾಯುತ್ತೆ ಅಂತ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಪರೀಕ್ಷೆ ಮಾಡಿ ತೋರಿಸಿದ್ರು, 2011ರಲ್ಲೇ. ನಮ್ ಮೋರಿ ನೀರು ಹೋಗೋದೂ ಕೆರೆಗೇ.

ಕಾಕಾ_ಅಂಗಡಿ_ಅಳಿಯ:
ಇಲ್ಲ ಅಕ್ಕ, ಜರಡಿ ಹಿಡಿದು ಮರಳು ವಾಪಸ್ ಡಬ್ಬಕ್ಕೆ, ತುಂಡು ಕವರಲ್ಲಿ ಗಂಟು ಹಾಕಿ ಗಾಡಿ ಬಂದಾಗ ರಿಜೆಕ್ಟ್ ಕಸದ ಜೊತೆ. ನೋಯ್ಡಾದಲ್ಲಿ ಇದನ್ನೇ ತಗೊಂಡು ಕ್ಲೀನ್ ಮಾಡಿ ಗೊಂಬೆಗೆ ತುಂಬೋರಿದ್ದಾರೆ, ಇಲ್ಲಿಂದ ಅಲ್ಲಿಗೆ ಕಳಿಸೋಕೆ ನನಗೆ ಪುರುಸೊತ್ತಿಲ್ಲ.

ಹೊಂಗೆಮರ_ಥರ್ಡ್‌ಕ್ರಾಸ್:
ಎಲ್ರಿಗೂ ಥ್ಯಾಂಕ್ಸ್. ಹತ್ತು ದಿನ ಆದ್ಮೇಲೆ ಬರೀತಿದೀನಿ. ಟೀ ಅಂಗಡಿಯವರ ಹತ್ರ ಹೋಗಿ ಕೇಳ್ದೆ, ಮೊದಲು ಮುಖ ಗಂಟು ಹಾಕಿದ್ರು, ಡಬ್ಬ ನಂದು, ಮರಳು ನಂದು, ಖಾಲಿ ಮಾಡೋದೂ ನಾನೇ ಅಂದ್ಮೇಲೆ ಒಪ್ಪಿದ್ರು. ಲೈಟರ್ ಕೆಳಗೇ ಕಟ್ಟಿದ್ವಿ. ಈ ಭಾನುವಾರ ಅದೇ ಇಪ್ಪತ್ತು ಹೆಜ್ಜೆ ಎಣಿಸ್ದೆ, 38. ಮರದ ಬುಡದಲ್ಲಿ ಆರೋ ಏಳೋ. ಉಳಿದಿದ್ದು ಹೆಚ್ಚಿನದು ರೋಡಿನ ಅಂಚಲ್ಲಿ, ಬೈಕಲ್ಲಿ ಹೋಗ್ತಾ ಬೆರಳಲ್ಲಿ ಚಿಮ್ಮಿಸೋರದ್ದು, ಅವರಿಗೆ ಯಾವ ಡಬ್ಬ ಕಟ್ಲಿ.

ಒಂದೇ ಪ್ರಾಬ್ಲಂ, ನಿನ್ನೆ ರಾತ್ರಿ ಡಬ್ಬಾನೇ ಯಾರೋ ಎತ್ಕೊಂಡು ಹೋಗಿದ್ದಾರೆ. ಮರಳು ಮಾತ್ರ ಅಲ್ಲೇ ಸುರಿದಿದ್ದಾರೆ, ತುಂಡುಗಳ ಸಮೇತ.

ಕಾಕಾ_ಅಂಗಡಿ_ಅಳಿಯ:
ಹೊಸ ಡಬ್ಬಕ್ಕೆ ಮರಳಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಸುತ್ತ ನಾಲ್ಕು ಮೊಳೆ ತೂತು ಹೊಡೀರಿ ಸಾರ್. ನೀರು ನಿಲ್ಲದ ಡಬ್ಬಾನ ಯಾರೂ ಮುಟ್ಟಲ್ಲ.