ಅಪ್‌ಡೇಟ್: ಶಾಸನಗಳ ಲೇಖನ ಪತ್ರಿಕೆಗೆ ಹೋಯ್ತು

ನಮ್ಮ ಭಾಗದ ಅಶೋಕನ ಶಾಸನಗಳ ಬಗ್ಗೆ ಸಂಶೋಧನಾ ಲೇಖನ ಎಲ್ಲಿಂದ ಶುರು ಮಾಡಲಿ ಅಂತ ಇಲ್ಲಿ ಕೇಳಿದ್ದ ಕೊಪ್ಪಳದವಳು ನಾನೇ. ಲೇಖನವನ್ನ ಸಂಶೋಧನಾ ಪತ್ರಿಕೆಗೆ ಕಳಿಸಿದೆ, ಪರಾಮರ್ಶಕರ (ಪ್ರಕಟಣೆಗೆ ಮುಂಚೆ ಲೇಖನ ಓದಿ ಅಭಿಪ್ರಾಯ ಹೇಳೋ ವಿದ್ವಾಂಸರ) ಉತ್ತರವೂ ಬಂತು: ತಿದ್ದಿ ಮತ್ತೆ ಕಳಿಸಿ.

ಹೆಚ್ಚು ಸಮಯ ತಿಂದದ್ದು ಬರವಣಿಗೆಯಲ್ಲ, ಪ್ರಶ್ನೆ. 'ನಮ್ಮ ಭಾಗದ ಅಶೋಕನ ಶಾಸನಗಳು' ಬರೀ ವಿಷಯ, ಪ್ರಶ್ನೆಯಲ್ಲ ಅಂತ ನಿಮ್ಮಲ್ಲೊಬ್ಬರು ಹೇಳಿದ್ದು ಸರಿಯಾಗೇ ನಾಟಿತು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿ ಶಾಸನದಲ್ಲಿ, ಬಳ್ಳಾರಿ ಕಡೆಯ ನಿಟ್ಟೂರು, ಉದೇಗೋಳದಲ್ಲಿ ಅಶೋಕ ಅನ್ನೋ ಹೆಸರೇ ಇದೆ. ನಮ್ಮ ಕೊಪ್ಪಳದ ಗವಿಮಠದ ಶಾಸನದಲ್ಲಿ 'ದೇವಾನಾಂಪ್ರಿಯ' (ದೇವತೆಗಳಿಗೆ ಪ್ರಿಯನಾದವ) ಅನ್ನೋ ಬಿರುದು ಮಾತ್ರ. ಯಾಕೆ ಅಂತ ಕೇಳೋಕೆ ಹೊರಟೆ. ಹಿಂದಿನ ಅಧ್ಯಯನ ಓದಿದ ಮೇಲೆ ಅಷ್ಟು ದೊಡ್ಡ ಪ್ರಶ್ನೆಗೆ ಆಧಾರ ಸಾಲದು ಅನ್ನಿಸಿ, ಈ ಶಾಸನಗಳ ಪಾಠಗಳ, ಅಂದ್ರೆ ಅವುಗಳಲ್ಲಿ ಕೆತ್ತಿದ ಮಾತುಗಳ, ಹೋಲಿಕೆಗೆ ಇಳಿಸಿದೆ. ಕೊಪ್ಪಳದ ಇನ್ನೊಂದು ಅಶೋಕ ಶಾಸನ, ಪಾಲ್ಕಿಗುಂಡಿನದು, ತೀರಾ ಸವೆದಿದೆ, ಅದನ್ನ ಲೇಖನದ ಮಿತಿಗಳಲ್ಲಿ ಹೇಳಿದೆ.

ಬರೆದ ಕ್ರಮ: ಹೋಲಿಕೆಯ ಕೋಷ್ಟಕ, ಚರ್ಚೆ, ಆಮೇಲೆ ಪೀಠಿಕೆ. ಸಾರಾಂಶ ಕಟ್ಟಕಡೆಗೆ.

ಪತ್ರಿಕೆ ಆರಿಸೋರಿಗೆ: ಯುಜಿಸಿ-ಕೇರ್ ಪಟ್ಟಿ (ಯುಜಿಸಿ ಒಪ್ಪಿದ ಸಂಶೋಧನಾ ಪತ್ರಿಕೆಗಳ ಪಟ್ಟಿ) 2025ರಲ್ಲಿ ನಿಂತುಹೋಗಿದೆ. ಸಂಪಾದಕ ಮಂಡಳಿ, ಪರಾಮರ್ಶೆ ಕ್ರಮ, ಹಳೆ ಸಂಚಿಕೆ ನಾವೇ ನೋಡ್ಬೇಕು. 'ವಾರದಲ್ಲಿ ಪ್ರಕಟಣೆ' ಅಂದ್ರೆ ದೂರ ಇರಿ.

ಈಗ ಪರಾಮರ್ಶಕರ ಒಂದೊಂದು ಆಕ್ಷೇಪಕ್ಕೂ ಉತ್ತರ ಬರೀತಿದ್ದೀನಿ. ಒಂದನ್ನ ಒಪ್ಪಲ್ಲ, ಕಾರಣ ಕೊಟ್ಟು ಹಾಗೇ ಬರೀತೀನಿ.