ಯೌವನಸ್ಥರಿಗೆ ಸತ್ಯವೇದದಿಂದ ಪರಿಶುದ್ಧ ಜೀವನವನ್ನು ಕಲಿಸುವುದು ಹೇಗೆ?

ಪ್ರಶ್ನೆ – ಸಿದ್ದಾಪುರದ ಸಂಡೇ ಸ್ಕೂಲ್ ಶಿಕ್ಷಕಿ

ಪ್ರಭುವಿನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ನಮ್ಮ ಸಭೆಯಲ್ಲಿ 13ರಿಂದ 19 ವರ್ಷದವರೆಗಿನ ಮಕ್ಕಳ ತರಗತಿಯನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಇವರಲ್ಲಿ ಹೆಚ್ಚಿನವರು ಕಾಫಿ ತೋಟಗಳ ಲೈನ್ ಮನೆಗಳಿಂದ, ಅಂದರೆ ಕಾರ್ಮಿಕರ ಸಾಲುಮನೆಗಳಿಂದ ಬರುತ್ತಾರೆ. ಕೆಲವರ ತಂದೆಯರು ತೋಟದ ಲೆಕ್ಕ ಬರೆಯುವ ರೈಟರ್ ಅಥವಾ ಕೆಲಸ ಮಾಡಿಸುವ ಮೇಸ್ತ್ರಿಗಳಾಗಿದ್ದಾರೆ. ಪಿಯುಸಿ ಮುಗಿದ ಮೇಲೆ ಅನೇಕರು ಮೈಸೂರು, ಮಂಗಳೂರಿನ ಹಾಸ್ಟೆಲ್‌ಗಳಿಗೆ ಹೋಗಿಬಿಡುತ್ತಾರೆ. ಯೌವನಸ್ಥನು ದೇವರ ವಾಕ್ಯವನ್ನು ಗಮನಿಸಿ ನಡೆಯುವುದರಿಂದಲೇ ತನ್ನ ನಡತೆಯನ್ನು ಶುದ್ಧಪಡಿಸಿಕೊಳ್ಳುತ್ತಾನೆ ಎಂಬ ಕೀರ್ತನೆ 119:9ನ್ನು ಕಂಠಪಾಠ ಸ್ಪರ್ಧೆಯಲ್ಲಿ ಇವರೆಲ್ಲರೂ ತಡವರಿಸದೆ ಹೇಳುತ್ತಾರೆ. ಆದರೆ ಪರಿಶುದ್ಧ ಜೀವನವೆಂದರೆ ಏನು ಎಂದು ಕೇಳಿದರೆ, ಕುಡಿಯಬಾರದು, ಕೆಟ್ಟ ಸಿನಿಮಾ ನೋಡಬಾರದು, ಕೆಟ್ಟ ಮಾತು ಆಡಬಾರದು ಎಂಬ ಪಟ್ಟಿಯೊಂದೇ ಬರುತ್ತದೆ, ಅಲ್ಲಿಗೆ ಮಾತು ನಿಂತುಹೋಗುತ್ತದೆ. ವಾಕ್ಯವು ಅವರ ಬಾಯಿಂದ ಬದುಕಿಗೆ ಇಳಿಯುವಂತೆ ಕಲಿಸಲು ಯಾವ ಭಾಗದಿಂದ ಆರಂಭಿಸಬೇಕು, ಹೇಗೆ ಮುಂದುವರಿಯಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ – ಮಡಿಕೇರಿಯ ಸಭಾ ಹಿರಿಯರು

ಸಹೋದರಿಯವರೇ, ಯಾಜಕಕಾಂಡದ 19ನೆಯ ಅಧ್ಯಾಯದಿಂದ ಆರಂಭಿಸಿರಿ. ಯಾಜಕಕಾಂಡವೆಂದ ಕೂಡಲೇ ಬಲಿಗಳ ವಿವರವೆಂದು ಅನೇಕ ಶಿಕ್ಷಕರು ಅದನ್ನು ದಾಟಿಹೋಗುತ್ತಾರೆ. ಆದರೆ ದೇವರು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಬೇಕೆಂದು ಪೇತ್ರನು ತನ್ನ ಮೊದಲನೆಯ ಪತ್ರದಲ್ಲಿ (1:15-16) ಬರೆಯುವಾಗ ಎತ್ತಿ ಹೇಳುವುದು ಇದೇ ಪುಸ್ತಕದ ಮಾತನ್ನು. ಆ ಆಜ್ಞೆ 2ನೆಯ ವಚನದಲ್ಲಿ ಬಂದ ನಂತರ ಅಧ್ಯಾಯವು ಎತ್ತ ಸಾಗುತ್ತದೆ ಎಂಬುದನ್ನು ಮಕ್ಕಳೇ ಬೆರಳಿಟ್ಟು ಓದಿಕೊಂಡು ಹೋಗಲಿ. ತಂದೆತಾಯಿಗಳಿಗೆ ಗೌರವ, ಹೊಲದ ಅಂಚಿನ ಪೈರನ್ನು ಬಡವನಿಗೂ ಪರದೇಶಿಗೂ ಬಿಡುವುದು, ಸುಳ್ಳಾಡದಿರುವುದು, ಕೂಲಿಯವನ ಕೂಲಿಯನ್ನು ಮರುದಿನದವರೆಗೆ ಇಟ್ಟುಕೊಳ್ಳದಿರುವುದು, ಕಿವುಡನನ್ನು ಶಪಿಸದಿರುವುದು, ಚಾಡಿ ಹೇಳದಿರುವುದು, ಮುದುಕರ ಮುಂದೆ ಎದ್ದು ನಿಲ್ಲುವುದು, ಕೊನೆಗೆ ನ್ಯಾಯವಾದ ತಕ್ಕಡಿ. ಕರ್ತನಾದ ಯೇಸು ಎರಡನೆಯ ದೊಡ್ಡ ಆಜ್ಞೆಯೆಂದು ಹೇಳಿದ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕೆಂಬ ಮಾತೂ ಇದೇ ಅಧ್ಯಾಯದ 18ನೆಯ ವಚನದಲ್ಲಿದೆ.

ಇದು ತೋಟದ ಮಕ್ಕಳಿಗೆ ತಮ್ಮ ಮನೆಯ ಮಾತಿನಂತೆಯೇ ಕೇಳಿಸುತ್ತದೆ. ನಾನು ಕಲಿಸಿದ ಒಂದು ಯೌವನಸ್ಥರ ಕೂಟದಲ್ಲಿ ತಕ್ಕಡಿಯ ವಚನಗಳನ್ನು ಓದಿ, ಯಾವ ವಿವರಣೆಯನ್ನೂ ಕೊಡದೆ, ನಮ್ಮ ಊರಿನಲ್ಲಿ ಎಲ್ಲೆಲ್ಲಿ ಏನೇನು ತೂಗುತ್ತಾರೆ ಎಂದು ಬರೆಯಲು ಹೇಳಿದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆ ಚೀಲಗಳನ್ನು ಸಾಲಾಗಿಟ್ಟು ತೂಗುವುದು, ಚೀಲ ಒದ್ದೆಯಾಗಿದೆಯೆಂದು ಕಿಲೋ ಕಳೆಯುವುದು, ತೂಕ ಹೆಚ್ಚಲೆಂದು ಹಣ್ಣಿನ ನಡುವೆ ಎಲೆ, ಕಡ್ಡಿ, ಕೆಲವೊಮ್ಮೆ ಕಲ್ಲನ್ನೂ ಸೇರಿಸುವುದು, ಇವೆಲ್ಲವೂ ಅವರ ಹಾಳೆಗಳಲ್ಲಿದ್ದವು. "ಹಾಗಾದರೆ ತೂಕ ಬರೆಯುವವರೂ ಚೀಲ ತುಂಬುವವರೂ ಇಬ್ಬರೂ ಈ ವಚನದೊಳಗೆ ಬಂದರಲ್ಲವೇ ಅಂಕಲ್?" ಎಂದು ಒಬ್ಬ ಹುಡುಗನು ಕೇಳಿದನು. ಅಂದಿನಿಂದ ಆ ಗುಂಪಿಗೆ ಪರಿಶುದ್ಧತೆಯು ಭಾನುವಾರದ ವಿಷಯವಾಗಿ ಮಾತ್ರ ಉಳಿಯಲಿಲ್ಲ. ಪರದೇಶಿಯನ್ನು ಸ್ವದೇಶದವನಂತೆ ಕಾಣಬೇಕೆಂಬ 34ನೆಯ ವಚನವನ್ನು ಓದುವಾಗ, ಅಸ್ಸಾಮಿನಿಂದ ಬಂದು ಪಕ್ಕದ ಲೈನಿನಲ್ಲಿ ವಾಸಿಸುವ ಕಾರ್ಮಿಕರನ್ನು ತಾವು ಏನೆಂದು ಕೂಗುತ್ತೇವೆ ಎಂಬುದನ್ನು ಅವರು ತಾವಾಗಿಯೇ ಎತ್ತಿದರು.

ಒಂದು ಎಚ್ಚರಿಕೆ ಅಗತ್ಯ. ಈ ಆಜ್ಞೆಗಳನ್ನು ಪಾಲಿಸಿದರೆ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಎಂಬ ಭಾವನೆ ಮಕ್ಕಳಲ್ಲಿ ಬೇರೂರಬಾರದು. ನಿಮ್ಮನ್ನು ಐಗುಪ್ತದಿಂದ ಬಿಡಿಸಿದ ದೇವರು ನಾನೇ ಎಂದು ಅದೇ ತಕ್ಕಡಿಯ ವಚನ ಮುಗಿಯುತ್ತದೆ. ಪೇತ್ರನೂ ಪರಿಶುದ್ಧರಾಗಿರಿ ಎಂದು ಹೇಳಿದ ಬೆನ್ನಿಗೇ ಕ್ರಿಸ್ತನ ಅಮೂಲ್ಯವಾದ ರಕ್ತದಿಂದ ಆದ ಬಿಡುಗಡೆಯನ್ನು ನೆನಪಿಸುತ್ತಾನೆ. ಬಿಡುಗಡೆ ಮೊದಲು, ನಡತೆ ಅನಂತರ. ಈ ಕ್ರಮವನ್ನು ಪ್ರತಿ ಪಾಠದಲ್ಲೂ ಹೇಳಿರಿ. ಮಕ್ಕಳಿಗೆ ಬೇಸರವಾದರೂ ಪರವಾಗಿಲ್ಲ.

ಉತ್ತರ – ಕುಶಾಲನಗರದ ಒಬ್ಬ ತಾಯಿ

ಹಿರಿಯರ ಮಾತು ನಿಜ, ಆದರೆ ವಾರಕ್ಕೆ ಒಂದು ಗಂಟೆಯ ತರಗತಿಯ ಮೇಲೆ ಇಷ್ಟು ಭಾರವನ್ನು ಹೊರಿಸುವುದು ನ್ಯಾಯವಲ್ಲ ಎಂದು ನನ್ನ ಅನಿಸಿಕೆ. ಧರ್ಮೋಪದೇಶಕಾಂಡ 6:7ರಲ್ಲಿ ಮನೆಯಲ್ಲಿ ಕುಳಿತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ವಾಕ್ಯದ ಬಗ್ಗೆ ಮಾತನಾಡಬೇಕೆಂಬ ಆಜ್ಞೆ ಇರುವುದು ತಂದೆತಾಯಿಗಳಿಗೆ. ಪೌಲನ ಯುವ ಜೊತೆಕೆಲಸಗಾರನಾದ ತಿಮೊಥೆಯನ ನಂಬಿಕೆಯೂ ಮೊದಲು ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ಇದ್ದದ್ದು. ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆಗೆ ಭಾನುವಾರ ಓದಿದ ಭಾಗವನ್ನೇ ವಾರವಿಡೀ ಸ್ವಲ್ಪ ಸ್ವಲ್ಪವಾಗಿ ಓದುತ್ತೇವೆ, ಮತ್ತು ಮಕ್ಕಳಿಗೆ ಪ್ರಶ್ನೆ ಕೇಳುವ ಮೊದಲು ದೊಡ್ಡವರಾದ ನಾವು ಆ ವಾಕ್ಯಕ್ಕೆ ಉತ್ತರ ಕೊಡುತ್ತೇವೆ. ಕೆಲಸದವರಿಗೆ ಕೊಡಬೇಕಾದ ಹಣವನ್ನು ಇನ್ನೂ ಕೊಟ್ಟಿಲ್ಲ ಎಂದು ಅಪ್ಪನೇ ಹೇಳಿ, ಮರುದಿನ ಬೆಳಿಗ್ಗೆ ಕೊಟ್ಟು ಬಂದುದನ್ನು ಮಕ್ಕಳು ನೋಡಿದರು. ಆದುದರಿಂದ ಅಕ್ಕ, ಪ್ರತಿ ವಾರದ ಪಾಠದ ಭಾಗವನ್ನು ದಯವಿಟ್ಟು ಪೋಷಕರಿಗೂ ಕಳುಹಿಸಿರಿ.

ಉತ್ತರ – ವಿರಾಜಪೇಟೆಯ ನಿವೃತ್ತ ಉಪಾಧ್ಯಾಯರು

ನಾನು ಕಥೋಲಿಕ ಧರ್ಮಸಭೆಗೆ ಸೇರಿದವನು. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತ ಕುಟುಂಬಗಳಿಗೆ ಕೊಡಗಿನ ಅರಸರು ಆಶ್ರಯವಿತ್ತುದರಿಂದ 1792ರಲ್ಲಿ ನೆಲೆಗೊಂಡ ನಮ್ಮ ಸಂತ ಅನ್ನಮ್ಮ ದೇವಾಲಯದ ಊರಿನಲ್ಲಿ ಧರ್ಮೋಪದೇಶದ ತರಗತಿಗಳನ್ನು ನಡೆಸಿದ್ದೇನೆ. ತೂಕ, ಕೂಲಿಗಳ ಪಾಠ ಬಹಳ ಒಳ್ಳೆಯದು. ಆದರೆ ಇಂದಿನ ಯೌವನಸ್ಥರು ಒಂಟಿಯಾಗಿ ಹೋರಾಡುತ್ತಿರುವುದು ದೇಹದ ಪರಿಶುದ್ಧತೆಯ ವಿಷಯದಲ್ಲಿ, ಅದೂ ಕೈಯಲ್ಲಿರುವ ಮೊಬೈಲಿನ ಮುಂದೆ. ಇದನ್ನು ನಾವು ಸಂಕೋಚದಿಂದ ಬಿಟ್ಟರೆ ಬೇರೆ ಯಾರೋ ಕಲಿಸುತ್ತಾರೆ.

ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರದ 4:3-8ನ್ನು ಓದಿಸಿರಿ. ಅಲ್ಲಿ ಸಂತ ಪೌಲರು ದೇಹವನ್ನು ಗೌರವದಿಂದ ಇಟ್ಟುಕೊಳ್ಳಬೇಕೆಂದು ಹೇಳಿ, ಈ ವಿಷಯದಲ್ಲಿ ಯಾರೂ ತನ್ನ ಸಹೋದರನಿಗೆ ವಂಚನೆ ಮಾಡಬಾರದೆಂದು ಸೇರಿಸುತ್ತಾರೆ. ಸಹಪಾಠಿಯೊಬ್ಬಳ ಫೋಟೋವನ್ನು ಗೆಳೆಯರ ಗುಂಪಿಗೆ ಕಳುಹಿಸಿ ನಗುವುದು ಆಕೆಗೆ ಮಾಡಿದ ಅನ್ಯಾಯವೇ ಎಂದು ಈ ಮಾತಿನಿಂದ ಮಕ್ಕಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ.

ಮುಂದೆ ಧರ್ಮಸಭೆಯ ದೊಡ್ಡ ಬೋಧಕರಾದ ಸಂತ ಅಗಸ್ತೀನರ ಜೀವನವನ್ನೂ ಹೇಳಿರಿ. ಕ್ರಿ.ಶ. 386ರಲ್ಲಿ ಮಿಲಾನ್ ನಗರದ ಒಂದು ತೋಟದಲ್ಲಿ, ತಮ್ಮ ಹಳೆಯ ಚಟಗಳನ್ನು ಬಿಡಲಾರದೆ ಅಳುತ್ತಿದ್ದ ಅವರು, ಎತ್ತಿಕೊಂಡು ಓದು ಎಂಬ ಮಗುವಿನ ದನಿಯನ್ನು ಕೇಳಿ ಪುಸ್ತಕವನ್ನು ತೆರೆದಾಗ ಕಂಡದ್ದು ರೋಮನರಿಗೆ ಬರೆದ ಪತ್ರದ 13:13-14. ಕುಡಿತ, ಕಾಮುಕತೆ, ಜಗಳ, ಮತ್ಸರ ಬೇಡವೆಂದ ಮೇಲೆ ಆ ವಾಕ್ಯ ನಿಲ್ಲುವುದಿಲ್ಲ, ಪ್ರಭು ಯೇಸುಕ್ರಿಸ್ತರನ್ನು ಧರಿಸಿಕೊಳ್ಳಿರಿ ಎಂದು ಮುಂದುವರಿಯುತ್ತದೆ. ನಿಮ್ಮ ಮಕ್ಕಳ ನಿಷೇಧದ ಪಟ್ಟಿಗೆ ಸೇರಬೇಕಾಗಿರುವುದು ಈ ಎರಡನೆಯ ಅರ್ಧ. ತಾಯಿ ಮೋನಿಕಾ ಮಗನಿಗಾಗಿ ವರ್ಷಗಟ್ಟಲೆ ಕಣ್ಣೀರಿಟ್ಟು ಪ್ರಾರ್ಥಿಸಿದ್ದರು ಎಂಬುದನ್ನು, ಮೇಲೆ ಬರೆದಿರುವ ತಾಯಿಯವರ ಮಾತಿಗೆ ಬೆಂಬಲವಾಗಿ ನೆನಪಿಸುತ್ತೇನೆ.

ಮರುಪ್ರಶ್ನೆ – ಸಿದ್ದಾಪುರದ ಸಂಡೇ ಸ್ಕೂಲ್ ಶಿಕ್ಷಕಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಯಾಜಕಕಾಂಡ 19ನ್ನು ಈ ಕೊಯ್ಲಿನ ತಿಂಗಳುಗಳಲ್ಲಿಯೇ ಆರಂಭಿಸುತ್ತೇನೆ. ಥೆಸಲೊನೀಕದ ಪಾಠಕ್ಕೆ ಹುಡುಗರನ್ನೂ ಹುಡುಗಿಯರನ್ನೂ ಬೇರೆ ಬೇರೆ ಕೂರಿಸಬೇಕೇ? ಮಕ್ಕಳು ಮನಸ್ಸು ಬಿಚ್ಚಿ ಹೇಳಿದ ಮಾತನ್ನು ಪೋಷಕರಿಗೆ ತಿಳಿಸಬೇಕೇ?

ಉತ್ತರ – ಮಡಿಕೇರಿಯ ಸಭಾ ಹಿರಿಯರು

ವಚನವನ್ನು ಒಟ್ಟಿಗೆ ಓದಿಸಿ, ಚರ್ಚೆಯನ್ನು ಬೇರೆ ಬೇರೆ ಮಾಡಿರಿ. ಹುಡುಗಿಯರ ಗುಂಪು ನಿಮ್ಮೊಡನೆ ಇರಲಿ, ಹುಡುಗರೊಡನೆ ಕುಟುಂಬಸ್ಥರಾದ ಒಬ್ಬ ಸಹೋದರರು ಕೂರಲಿ, ಎರಡು ಗುಂಪುಗಳೂ ಬಾಗಿಲು ತೆರೆದಿರುವ ಕೋಣೆಗಳಲ್ಲಿಯೇ ಇರಲಿ. ತಮ್ಮ ಬಲಹೀನತೆಯ ಬಗ್ಗೆ ಅವರು ಹೇಳಿಕೊಂಡದ್ದು ಸಭೆಯ ಬಾಯಿಮಾತಾಗಬಾರದು, ಏಕೆಂದರೆ ಚಾಡಿಯನ್ನು ನಿಷೇಧಿಸಿದ ಅಧ್ಯಾಯವನ್ನೇ ನಾವು ಅವರಿಗೆ ಕಲಿಸುತ್ತಿದ್ದೇವೆ. ಆದರೆ ಯಾರಾದರೂ ತನ್ನನ್ನು ಲೈಂಗಿಕವಾಗಿ ಪೀಡಿಸುತ್ತಿದ್ದಾರೆಂದು 18 ವರ್ಷದೊಳಗಿನ ಮಗು ಹೇಳಿದರೆ ಅಲ್ಲಿ ಗುಟ್ಟಿನ ಪ್ರಶ್ನೆಯೇ ಇಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಈ ನಿಯಮವನ್ನು ಮೊದಲ ತರಗತಿಯಲ್ಲಿಯೇ ಮಕ್ಕಳಿಗೆ ಹೇಳಿಬಿಡಿ, ನಿಮ್ಮ ಸಭಾಪಾಲಕರಿಗೂ ಮುಂಚಿತವಾಗಿ ತಿಳಿಸಿರಿ.