ಹಳೆಯ ತಗಡಿನ ಆಟಿಕೆ ರೈಲಿಗೆ ಪಾಲಿಷ್ ಹಾಕಬಹುದೇ?

ಪ್ರಶ್ನೆ: ಹಾರ್ನ್‌ಬಿ ಕಂಪನಿಯ ಹಳೆಯ ಓ ಗೇಜ್ (ಆಟಿಕೆ ರೈಲಿನ ಒಂದು ಅಳತೆ) ಎಂಜಿನ್ನು, ಮೂರು ತಗಡಿನ ಬೋಗಿ ಇವೆ. ಬೋಗಿಗಳ ಮೇಲೆ ಕಂದು ಕೊಳೆ ಕೂತಿದೆ, ಎಂಜಿನ್ನಿನ ಹಿತ್ತಾಳೆ ಕಪ್ಪಾಗಿದೆ. ಎಲ್ಲಕ್ಕೂ ಹಿತ್ತಾಳೆ ಪಾಲಿಷ್ ನಡೆಯುತ್ತಾ? ಇಲ್ಲ ಸ್ಪಿರಿಟ್‌ನಲ್ಲಿ ಒರೆಸಲಾ?

ಉತ್ತರ: ಬೋಗಿಗೆ ಎರಡನ್ನೂ ಮುಟ್ಟಿಸಬೇಡಿ ಸರ್. ಅದರ ಕಿಟಕಿ, ಅಕ್ಷರ, ಗೆರೆಗಳೆಲ್ಲ ತಗಡಿನ ಮೇಲೆ ಅಚ್ಚು ಹಾಕಿದ ಶಾಯಿ. ಅದಕ್ಕಿರುವ ರಕ್ಷಣೆ ಒಂದು ತೆಳು ವಾರ್ನಿಷ್ ಮಾತ್ರ. ಪಾಲಿಷ್‌ನ ನುಣ್ಣನೆ ಪುಡಿ ಆ ವಾರ್ನಿಷ್ಷನ್ನು ಸವೆಸುತ್ತದೆ, ಸ್ಪಿರಿಟ್ಟು ಶಾಯಿಯನ್ನೇ ಎಬ್ಬಿಸಬಹುದು.

ಮೊದಲು ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ಒಂದು ಲೋಟ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಸೌಮ್ಯ ಲಿಕ್ವಿಡ್ ಎರಡು ಹನಿ ಸಾಕು. ಇಯರ್ ಬಡ್ ಅದ್ದಿ, ಹಿಂಡಿ, ಬರೀ ತೇವ ಉಳಿಸಿಕೊಳ್ಳಿ. ತಳದಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ ಪರೀಕ್ಷಿಸಿ. ಹತ್ತಿಗೆ ಕಂದು ಹತ್ತಿದರೆ ಅದು ಕೊಳೆ, ಮುಂದುವರಿಯಿರಿ. ಕೆಂಪು, ಹಸಿರು ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಒಂದೊಂದು ಇಂಚು ಜಾಗದಲ್ಲಿ ಬಡ್ ಉರುಳಿಸಬೇಕು, ಉಜ್ಜಬಾರದು. ಮತ್ತೊಂದು ಬಡ್‌ನಲ್ಲಿ ಬರೀ ನೀರು, ಕೂಡಲೇ ಒಣಬಟ್ಟೆ. ನಲ್ಲಿ ಕೆಳಗಂತೂ ಹಿಡಿಯಲೇಬೇಡಿ. ತಗಡು ಮಡಿಚಿದ ಸಂದಿಗೆ ನೀರು ಇಳಿದರೆ ತುಕ್ಕು ಒಳಗಿಂದ ಶುರುವಾಗಿ ಬಣ್ಣ ಉಬ್ಬುತ್ತದೆ.

ಹಿತ್ತಾಳೆ ಭಾಗ ಬಿಚ್ಚಲು ಬಂದರೆ ಬಿಚ್ಚಿ, ಪಾಲಿಷ್ ಮಾಡಿ. ಬರದಿದ್ದರೆ ಕಪ್ಪು ಹಾಗೇ ಇರಲಿ ಎನ್ನುತ್ತೇನೆ. ಅಂಚಿನಲ್ಲಿ ಸಿಕ್ಕಿಕೊಂಡ ಪಾಲಿಷ್ ಬೆಳ್ಳಗೆ ಗಟ್ಟಿಯಾದರೆ ಬಣ್ಣ ಕೀಳದೆ ಅದನ್ನು ತೆಗೆಯುವುದು ಕಷ್ಟ. ನಿಕಲ್ ಲೇಪದ ಮೇಲೂ ಪಾಲಿಷ್ ಬೇಡ, ಲೇಪ ಸವೆದುಹೋಗುತ್ತದೆ.

ಪ್ರಶ್ನೆ: ಚಕ್ರದಲ್ಲಿ ಕೂದಲೆಳೆಯಂಥ ಬಿರುಕುಗಳಿವೆ, ಚಕ್ರ ಸ್ವಲ್ಪ ಊದಿಕೊಂಡ ಹಾಗೂ ಇದೆ. ಹಳಿಗೆ ತುಕ್ಕು ಹಿಡಿದಿದೆ, ಸ್ಟೀಲ್ ವೂಲ್‌ನಲ್ಲಿ ಉಜ್ಜಲಾ?

ಉತ್ತರ: ಬಿರುಕು ಕೊಳೆಯಿಂದ ಬಂದದ್ದಲ್ಲ. ಚಕ್ರದ ಎರಕದ ಸತುವಿನಲ್ಲಿ ಸೀಸದಂಥ ಕಲಬೆರಕೆ ಇದ್ದರೆ ಲೋಹ ಒಳಗೊಳಗೇ ಕೊರೆದುಕೊಂಡು ಊದುತ್ತದೆ, ಆಮೇಲೆ ಪುಡಿಯಾಗುತ್ತದೆ. ಇದಕ್ಕೆ ಔಷಧಿಯಿಲ್ಲ, ತೇವ ತಾಗಿದರೆ ಇನ್ನೂ ಬೇಗ. ಆ ಚಕ್ರಗಳಲ್ಲಿ ಎಂಜಿನ್ ಓಡಿಸಬೇಡಿ, ಬದಲಿ ಚಕ್ರ ಹಾಕಿ. ಹಳೆಯವನ್ನು ಎಸೆಯದೆ ಚೀಟಿ ಬರೆದು ಎತ್ತಿಡಿ.

ಸ್ಟೀಲ್ ವೂಲ್ ಬೇಡವೇ ಬೇಡ. ತಗಡಿನ ಹಳಿಯ ತವರದ ಲೇಪವೂ ಹೋಗುತ್ತದೆ, ಉದುರಿದ ಎಳೆಗಳನ್ನು ಮೋಟಾರಿನ ಕಾಂತ ಎಳೆದುಕೊಂಡು ಶಾರ್ಟ್ ಆಗುತ್ತದೆ. ಬಟ್ಟೆಗೆ ತೆಳು ಎಣ್ಣೆ ಹಚ್ಚಿ ತುಕ್ಕು ನೆನೆಸಿ, ಮರದ ಕಡ್ಡಿಯಿಂದ ಕೆರೆಯಿರಿ. ಕೊನೆಗೆ ಎಣ್ಣೆ ಪೂರ್ತಿ ಒರೆಸಿ, ಇಲ್ಲದಿದ್ದರೆ ಚಕ್ರ ಜಾರುತ್ತದೆ.

ಇನ್ನೊಬ್ಬರ ಉತ್ತರ: ಮೋಟಾರಿನ ಬಗ್ಗೆ ಒಂದು ಮಾತು. ಕರೆಂಟ್ ಕೊಡುವ ಮೊದಲು ವೈರಿನ ರಬ್ಬರ್ ನೋಡಿ, ಮುಟ್ಟಿದರೆ ಉದುರುವಂತಿದ್ದರೆ ವೈರ್ ಬದಲಿಸಿ. ಕಮ್ಯುಟೇಟರ್ (ಮೋಟಾರಿನ ತಿರುಗುವ ಸುರುಳಿಗೆ ಕರೆಂಟ್ ದಾಟಿಸುವ ಸೀಳುಗಳಿರುವ ತಾಮ್ರದ ಭಾಗ) ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಸರಿ, ಬಣ್ಣಕ್ಕೆ ತಾಗದಿರಲಿ. ಅದರ ಸೀಳುಗಳಲ್ಲಿ ಕೂತ ಕಾರ್ಬನ್ ಪುಡಿಯನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ. ಬೇರಿಂಗಿಗೆ ಸೂಜಿತುದಿಯಷ್ಟು ಎಣ್ಣೆ ಸಾಕು, ಹೆಚ್ಚಾದರೆ ಕಮ್ಯುಟೇಟರ್‌ಗೆ ಹರಿದು ಕಪ್ಪು ಅಂಟಾಗುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು: ಒಣಗಿದ್ದಾಗ ಕೆರೆಯಬೇಡಿ, ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ.